ಎರಡು ಕಿಲೋ ಪೇಢೆ ಕೇಕು, ಒಂದು ಕಿರಾಣಿ ತಕ್ಕಡಿ

ನಮ್ಮ ಮನೆಯ ಕೇಕ್ ಕೆಲಸದಲ್ಲಿ ಮ್ಯಾನೇಜ್‌ಮೆಂಟ್ ಅಂದರೆ ನಮ್ಮ ಯಜಮಾನರು. ಆರ್ಡರ್ ಬರೋ ಫೋನ್ ಅವರ ಹತ್ತಿರ ಇರುತ್ತದೆ. ಯಾರು ಏನು ಕೇಳಿದರೂ ಅವರದು ಒಂದೇ ಉತ್ತರ: "ಆಗ್ತದ್ರಿ." ನಮ್ಮದು 28 ಲೀಟರಿನ ಓಟಿಜಿ ಓವನ್, ಒಂದು ಸಲಕ್ಕೆ ಎಂಟು ಇಂಚಿನ ಒಂದೇ ಟಿನ್ ಹಿಡಿಯುತ್ತದೆ. ಇದು ಅವರಿಗೆ ಗೊತ್ತಿಲ್ಲ ಅಂತಲ್ಲ. ಲೆಕ್ಕಕ್ಕೆ ಹಿಡಿಯೋದಿಲ್ಲ, ಅಷ್ಟೇ.

ಹೋದ ಮೇ ತಿಂಗಳಲ್ಲಿ ಹೀಗೇ ಒಂದು "ಆಗ್ತದ್ರಿ" ಆಯಿತು. ಧಾರವಾಡದ ಸಪ್ತಾಪುರದ ಮನೆ. ಅಜ್ಜ ಅಜ್ಜಿಯ ಮದುವೆಗೆ 50 ವರ್ಷ. ಎರಡು ಕಿಲೋ ಪೇಢೆ ಕೇಕ್, ಎಗ್‌ಲೆಸ್, ಸಂಜೆ ಐದೂವರೆಗೆ ಬೇಕು. ನನಗೆ ಗೊತ್ತಾದದ್ದು ಅದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಯಜಮಾನರು ಪೇಪರ್ ಮಡಿಚಿಡುವಾಗ.

ಸರಿ, ಎರಡು ಸ್ಪಾಂಜ್ ಬೇಕು. ಎರಡು ಸಲ ಬ್ಯಾಟರ್ ಕಲಸೋದು ಯಾಕೆ ಅಂತ ಒಮ್ಮೆಗೇ ಕಲಸಿಬಿಟ್ಟೆ. ಮೊದಲ ತಪ್ಪು ಇದೇ. ಸೋಡಾ ಮೊಸರಿಗೆ ಬಿದ್ದ ಕ್ಷಣದಿಂದಲೇ ಗ್ಯಾಸ್ ಬಿಡಲಿಕ್ಕೆ ಶುರು ಮಾಡುತ್ತದೆ, ಓವನ್ ಖಾಲಿ ಆಗಲಿ ಅಂತ ಕಾಯೋದಿಲ್ಲ. ಮೊದಲ ಟಿನ್ 180 ಡಿಗ್ರಿಯಲ್ಲಿ 40 ನಿಮಿಷ ಬೇಯುವಾಗ ಉಳಿದರ್ಧ ಪಾತೇಲಿಯಲ್ಲಿ ಕೂತಿತ್ತು. ಹೊರಗೆ ರಣ ಬಿಸಿಲು. ಮೊದಲಿಗೆ ಪುಸುಪುಸು ಗುಳ್ಳೆ ಏಳುತ್ತಿದ್ದವು. ಆಮೇಲೆ ನೋಡಿದರೆ ಒಂದೂ ಇಲ್ಲ, ತಣ್ಣಗೆ ಮಲಗಿದೆ.

ಇಲ್ಲಿ ನಾನು ಎರಡನೇ ಬುದ್ಧಿವಂತಿಕೆ ಮಾಡಿದೆ. ಮಿರ್ಚಿ ಭಜಿ ಹಿಟ್ಟು ಗಟ್ಟಿಯಾದರೆ ಒಂದು ಚಿಟಿಕೆ ಸೋಡಾ ಹಾಕ್ತೀವಿ ಅಲ್ವಾ? ಅದೇ ಲೆಕ್ಕ. ಆದರೆ ಕಿಚನ್ ತಕ್ಕಡಿಯ ಸೆಲ್ ಸತ್ತು ಮೂರು ವಾರ ಆಗಿತ್ತು, ಎಲ್ಲಾ ಅಂದಾಜಿನ ಮೇಲೇ ನಡೆದಿತ್ತು. ಚಿಟಿಕೆ ಹೋಗಿ ಚಮಚ ಆಯಿತು. ಸ್ವಲ್ಪ ತುಂಬಿದ ಚಮಚವೇ.

ಹತ್ತು ನಿಮಿಷಕ್ಕೆ ಗಾಜಿನಲ್ಲಿ ಬಗ್ಗಿ ನೋಡಿದೆ. ಇಷ್ಟು ಚಂದ ಉಬ್ಬಿದ ಸ್ಪಾಂಜ್ ನಾನು ಜನ್ಮದಲ್ಲಿ ನೋಡಿರಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಹದಿನೈದಕ್ಕೆ ಟಿನ್ ದಾಟಿತು. ಹದಿನೆಂಟಕ್ಕೆ ಒಂದು ಕಡೆಯಿಂದ ದಪ್ಪ ನಾಲಿಗೆಯ ಹಾಗೆ ಇಳಿದು ಕೆಳಗಿನ ರಾಡ್ ಮೇಲೆ ಬಿತ್ತು. ಚುಂಯ್ ಅಂತ ಸದ್ದು, ಅಡಿಗೆಮನೆ ತುಂಬಾ ಹೊಗೆ. ಗಾಬರಿಯಲ್ಲಿ ಬಾಗಿಲು ತೆಗೆದೆ. ನನ್ನ ಕಣ್ಣೆದುರೇ ನಡು ಕುಸಿದು ಕುಣಿ ಬಿತ್ತು, ಸುತ್ತ ದಂಡೆ ಮಾತ್ರ ನಿಂತಿತು.

ಹೊಗೆಗೆ ಎದ್ದು ಬಂದ ಅತ್ತೆ ಇಣುಕಿ ನೋಡಿದರು. "ಇದೇನವಾ, ಉಣಕಲ್ ಕೆರಿ ಆಗೇತಲ್ಲ!"

ದಂಡೆಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಸೋಪು. ಹುಳಿ ಸಿಗದೆ ಉಳಿದ ಸೋಡಾ ಬಿಸಿಗೆ ಬಟ್ಟೆ ಒಗೆಯೋ ಸೋಡಾನೇ ಆಗುತ್ತದೆ, ಅದಕ್ಕೇ ಆ ರುಚಿ, ಆ ಕಂದು ಬಣ್ಣ. ಮೊಸರು ಖಾಲಿ. ಹೊಗೆಯಾಡುವ ಓಟಿಜಿ ಆರಿ, ತೊಳೆದು, ಮತ್ತೆ ಬೇಯಿಸೋ ಅಷ್ಟು ಹೊತ್ತಿಲ್ಲ.

ಫೋನ್ ಮಾಡಿ "ಒಂದೂವರೆ ಕಿಲೋ ಆಗ್ತದ್ರಿ" ಅಂದಿದ್ದರೆ ಮುಗಿದು ಹೋಗ್ತಿತ್ತು. ಮಾಡಲಿಲ್ಲ. ಎರಡು ಕಿಲೋನ ಯಾರು ತೂಗ್ತಾರೆ ಅನ್ನೋದು ನನ್ನ ಧೈರ್ಯ. ಇದ್ದ ಒಂದೇ ಸ್ಪಾಂಜನ್ನು ನಾಲ್ಕು ತೆಳು ಲೇಯರ್ ಮಾಡಿದೆ. ಸಿರಪ್ ಧಾರಾಳ, ಕ್ರೀಮ್ ಧಾರಾಳ, ನಡುವೆ ಪುಡಿ ಮಾಡಿದ ಪೇಢೆ. ಪೇಢೆಯನ್ನು ಇಡಿಯಾಗಿ ಮೇಲಿಟ್ಟರೆ ಅದರ ಸಕ್ಕರೆ ಕ್ರೀಮಿನ ಪಸೆಗೆ ಕರಗಿ ನೀರು ಬಿಡುತ್ತದೆ, ಅದಕ್ಕೇ ಪುಡಿ. ನೋಡಲಿಕ್ಕೆ ಎತ್ತರವಾಗಿ, ದೊಡ್ಡ ಮನೆತನದ್ದರ ಹಾಗೇ ಕಂಡಿತು.

ಆ ಬಿಸಿಲಲ್ಲಿ ಸ್ಕೂಟರ್ ಮೇಲೆ ಒಯ್ದರೆ ಕ್ರೀಮ್ ಕೈ ಕೊಡುತ್ತದೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚಿಗರಿ ಬಸ್ಸು ಹತ್ತಿ, ಎಸಿಯಲ್ಲಿ ಡಬ್ಬಿ ತೊಡೆ ಮೇಲಿಟ್ಟುಕೊಂಡು ಕೂತೆ. ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಇಳಿದು ಆಟೋ. ಮನೆ ಮುಂದೆ ನಿಂತು ಮೇಲೆ ನೋಡಿದೆ, ಆಮೇಲೆ ಕೆಳಗೆ. ಕೆಳಗೆ ಕಿರಾಣಿ ಅಂಗಡಿ. ಗಲ್ಲಾದ ಮೇಲೆ ಗಂಧ ಹಚ್ಚಿಕೊಂಡು ಕೂತ ಅಜ್ಜಾರು. ಮದುವೆ ವಾರ್ಷಿಕೋತ್ಸವ ಅವರದೇ.

"ಬಾ ಯವ್ವಾ, ಇಲ್ಲೇ ಇಡು" ಅಂದರು. ಇಡು ಅಂದದ್ದು ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆಯ ಮೇಲೆ.

ಪಕ್ಕದಲ್ಲಿ ಬೆಲ್ಲದ ಪೆಂಟಿ, ಅದರ ಮೇಲೆ ನೊಣ. ನಾನು ನೊಣವನ್ನೇ ನೋಡಿದೆ. ಕೆಂಪು ಅಂಕಿ ಓಡಿ ಓಡಿ 1.900ಕ್ಕೆ ನಿಂತಿತು. ಅಜ್ಜಾರು ಕನ್ನಡಕ ಏರಿಸಿದರು.

"ಡಬ್ಬಿ, ಬೋರ್ಡು ಕಾಲು ಕಿಲೋ ಹಿಡಿಯೂಣೇನು?"

"ಹಿಡೀರಿ ಅಜ್ಜಾರ."

"ಅಂದ್ರ ಒಂದು ಕಿಲೋ ಆರನೂರಾ ಐವತ್ತು. ಕಿಲೋಕ್ಕ ಏಳನೂರಲ್ಲ?"

ಸಿಟ್ಟಿಲ್ಲ, ಬೈಗುಳಿಲ್ಲ. ಜೀರಿಗೆ ತೂಗಿದ ಹಾಗೆ ತೂಗಿ, 1155 ರೂಪಾಯಿ ಐದರ ನಾಣ್ಯದ ಸಮೇತ ಎಣಿಸಿ ಕೈಗಿಟ್ಟರು. ಬೈದಿದ್ದರೆ ಎಷ್ಟೋ ವಾಸಿ ಇತ್ತು. "ಇರು, ಕಟ್ ಮಾಡಿ ಒಂದು ತುಂಡು ತಿಂದ ಹೋಗು" ಅಂತ ಬೇರೆ ಅಂದರು. ತಿಂದೆ. ಚೆನ್ನಾಗಿತ್ತು. ಅಜ್ಜಿ ಎರಡು ಸಲ ಹಾಕಿಸಿಕೊಂಡರು.

ರಾತ್ರಿ ಮ್ಯಾನೇಜ್‌ಮೆಂಟ್ ದುಡ್ಡು ಎಣಿಸಿ, "1400 ಇರಬೇಕಿತ್ತಲ್ಲ?" ಅಂತ ಕೇಳಿತು. ಉತ್ತರ ಕೊಡಲಿಲ್ಲ. ಉಣಕಲ್ ಕೆರೆಯನ್ನು ತಟ್ಟೆಯಲ್ಲಿಟ್ಟು ಮುಂದಿಟ್ಟೆ. ಅವತ್ತಿನಿಂದ ಒಂದೂವರೆ ಕಿಲೋಗಿಂತ ಜಾಸ್ತಿ ಕೇಳಿದವರಿಗೆ "ಒಂದ್ ನಿಮಿಷ, ಕೇಳಿ ಹೇಳ್ತೇನ್ರಿ" ಅನ್ನೋದನ್ನು ಕಲಿತಿದ್ದಾರೆ.

ಮರುದಿನ ತಕ್ಕಡಿಗೆ ಹೊಸ ಸೆಲ್ ಹಾಕಿದೆ. ಸುಮ್ನೆ ಒಂದು ಖಾಲಿ ಡಬ್ಬಿ, ಬೋರ್ಡು ಇಟ್ಟು ನೋಡಿದೆ. 340 ಗ್ರಾಂ. ಅಂದರೆ ಅಷ್ಟು ಖಡಕ್ ಅಜ್ಜಾರೂ ಡಬ್ಬಿಯನ್ನು ಅಂದಾಜಿನಲ್ಲೇ ಹಿಡಿದಿದ್ದರು. ಇನ್ನೂ 63 ರೂಪಾಯಿ ನಾನೇ ಅವರಿಗೆ ಕೊಡಬೇಕು. ಸಪ್ತಾಪುರದ ಕಡೆ ಆಮೇಲೆ ಎರಡು ಸಲ ಹೋಗಿದ್ದೇನೆ, ಆ ಅಂಗಡಿಯ ಓಣಿ ಬಿಟ್ಟು.