ಮೆಣಸಿ ಜೊತೆ ಕಾಡಲ್ಲೊಂದು ರಾತ್ರಿ: ಇಲ್ಲಿಯವರೆಗಿನ ಕತೆ

ಏಪ್ರಿಲ್

ಸವಾರಿ ಕಲಿತು ಮೂರು ವರ್ಷವಾಯಿತು. ಈ ವರ್ಷದ ಹಟವೇ ಬೇರೆ. ಕುದುರೆಯನ್ನು ಕಾಡಿಗೆ ಕರೆದೊಯ್ದು, ರಾತ್ರಿ ಅಲ್ಲೇ ಕಟ್ಟಿ, ಪಕ್ಕದಲ್ಲೇ ಟೆಂಟ್ ಹಾಕಿ ಮಲಗಬೇಕು. ನಾನಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ನಲ್ಲಿ. ಟ್ರೈಲರ್ ಎಳೆದುಕೊಂಡು ಒಂದು ಗಂಟೆಯ ಮೇಲೆ ಹೋದರೆ ಹೂಸಿಯರ್ ರಾಷ್ಟ್ರೀಯ ಅರಣ್ಯ. ಅದರೊಳಗೆ ಚಾರ್ಲ್ಸ್ ಡೀಮ್ ಕಾಡು, 1982ರಲ್ಲಿ ಹಾಗೇ ಕಾಡಾಗಿ ಉಳಿಸಲು ಮೀಸಲಿಟ್ಟ ಸುಮಾರು 13,000 ಎಕರೆ. ಸೈಕಲ್ಲಿಗೂ ಅಲ್ಲಿ ಪ್ರವೇಶವಿಲ್ಲ, ಕುದುರೆಗೆ ಉಂಟು. ಅಂಚಿನಲ್ಲಿ ಬ್ಲ್ಯಾಕ್‌ವೆಲ್ ಅಂತ ಕುದುರೆ ಕ್ಯಾಂಪು.

ಕುದುರೆ ಪೆಪ್ಪರ್, ಕ್ವಾರ್ಟರ್ ಹಾರ್ಸ್ ಅನ್ನುವ ತಳಿಯ 14 ವರ್ಷದ ಹೆಣ್ಣು. ನನ್ನ ಬಾಯಲ್ಲಿ ಮೆಣಸಿ. ಪೂರ್ತಿ ನನ್ನದಲ್ಲ, ಲಾಯದ ಒಡತಿಯ ಜೊತೆ ಪಾಲು.

ಮೇ

ಹೈಲೈನ್ ಕಟ್ಟುವ ಅಭ್ಯಾಸ. ಎರಡು ಮರಗಳ ನಡುವೆ, ಕುದುರೆಯ ತಲೆಗಿಂತ ಮೇಲೆ, ಒಂದು ಹಗ್ಗ ಬಿಗಿದು ಅದರಿಂದ ಕುದುರೆಯ ಹಗ್ಗ ಇಳಿಬಿಡುವುದು. ತೊಗಟೆ ಕೊಯ್ಯದಂತೆ ಮರಕ್ಕೆ ಅಗಲ ಪಟ್ಟಿ ಸುತ್ತಬೇಕು. ಎಂಥ ಮರ ಅನ್ನುವುದೂ ಮುಖ್ಯ. ಕೆಂಪು ಮೇಪಲ್‌ನ ಬಾಡಿದ ಎಲೆ ತಿಂದರೆ ಕುದುರೆಯ ರಕ್ತಕಣ ಒಡೆದು ಪ್ರಾಣಕ್ಕೇ ಬರುತ್ತದೆ. ಹಾಗಾಗಿ ಮೊದಲು ಕಲಿತದ್ದು ಗಂಟಲ್ಲ, ಎಲೆ ಗುರುತಿಸುವುದು. ಓಕ್ ಸಿಕ್ಕಿದರೆ ಅದಕ್ಕೇ ಕಟ್ಟುತ್ತೇನೆ, ಅದರ ಕಾಯಿ ಉದುರುವ ಕಾಲ ಬಿಟ್ಟು.

ಲಾಯದ ಹಿಂದೆಯೇ ಮೂರು ರಾತ್ರಿ ಕಟ್ಟಿ ನೋಡಿದೆ. ಮೊದಲ ರಾತ್ರಿ ಹಗ್ಗ ಒಂದು ಮೊಳ ಉದ್ದ ಬಿಟ್ಟಿದ್ದೆ, ಹುಲ್ಲಿಗೆ ಬಾಯಿ ಎಟುಕಲಿ ಅಂತ ಕನಿಕರ. ಎರಡು ಗಂಟೆಗೆ ಧಡಧಡ ಸದ್ದು. ಮುಂಗಾಲು ಹಗ್ಗದ ಆಚೆ ಸಿಕ್ಕಿಕೊಂಡಿದೆ. ತುದಿ ಎಳೆದರೆ ಬಿಚ್ಚುವ ಗಂಟು ಹಾಕಿದ್ದರಿಂದ ಬಚಾವ್. ಗೊರಸಿನ ಮೇಲೆ ರೂಪಾಯಿ ಅಗಲ ಚರ್ಮ ಕಿತ್ತಿತ್ತು. ಆಮೇಲೆ ಕನಿಕರ ಬಿಟ್ಟೆ. ಹುಲ್ಲನ್ನೇ ಬಲೆಚೀಲದಲ್ಲಿ ಮೇಲಕ್ಕೆ ನೇತುಹಾಕಿದೆ.

ಜೂನ್

ಬ್ಲ್ಯಾಕ್‌ವೆಲ್‌ನಲ್ಲಿ ಮೊದಲ ರಾತ್ರಿ. ಕಟ್ಟುವುದೆಲ್ಲ ಸರಿಹೋಯಿತು, ನೀರು ಕೈಕೊಟ್ಟಿತು.

ಸುಮಾರು 450 ಕಿಲೋ ತೂಗುವ ಪ್ರಾಣಿ, ದಿನಕ್ಕೆ 20ರಿಂದ 40 ಲೀಟರ್ ಬೇಕು. ಕ್ಯಾಂಪಿನ ದಾರಿಯಲ್ಲಿ ತುಂಬಿಸಿಕೊಂಡ ನೀರು ಮೂಸಿ, ಮೂಗರಳಿಸಿ, ಮುಖ ತಿರುಗಿಸಿತು. ರಾತ್ರಿಯೆಲ್ಲ ಅರ್ಧ ಬಕೆಟ್ಟೂ ಇಳಿಯಲಿಲ್ಲ. ಬೆಳಿಗ್ಗೆ ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ತಕ್ಷಣ ಇಳಿಯದೆ ನಿಂತೇ ಇತ್ತು, ಮೈಯಲ್ಲಿ ನೀರು ಕಡಿಮೆಯಾದ ಗುರುತು. ಪಕ್ಕೆಗೆ ಕಿವಿಯಿಟ್ಟೆ. ಗುಳುಗುಳು ಕೇಳಬೇಕಾದ ಕಡೆ ಅಪರೂಪಕ್ಕೊಂದು ಸದ್ದು. ನೀರಿಲ್ಲದ ಒಣಹುಲ್ಲು ಕರುಳಿನಲ್ಲಿ ಕಟ್ಟಿಕೊಂಡರೆ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡುವುದಕ್ಕೂ ಬರುವುದಿಲ್ಲ. ಸವಾರಿ ಗಿವಾರಿ ಬಿಟ್ಟು, ಹುಲ್ಲು ನೆನೆಸಿ ತಿನ್ನಿಸಿ, ಹತ್ತು ಗಂಟೆಗೆಲ್ಲ ಮನೆ ದಾರಿ ಹಿಡಿದೆವು.

ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಹೇಳಿದೆ. ದೊಡ್ಡಬಳ್ಳಾಪುರದ ಕಡೆಯವರು ನಾವು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಎತ್ತು ನಡೆಸಿಕೊಂಡು ಹೋಗಿ, ಅವುಗಳ ಪಕ್ಕದಲ್ಲೇ ಹುಲ್ಲು ಹಾಸಿ ಮಲಗಿದವರು ಅಪ್ಪ. "ಎತ್ತಿಗೂ ಬೇರೆ ಊರ ನೀರು ಹಿಡಿಸಲ್ಲ ಕಣೋ. ಮನೇಲಿರೋವಾಗ್ಲೇ ಬೆಲ್ಲ ಕದಡಿ ರೂಢಿ ಮಾಡ್ಸು. ಆಮೇಲೆ ಎಲ್ಲಿ ನೀರಾದ್ರೂ ಬೆಲ್ಲದ ನೀರೇ ತಾನೆ?" ಅಂದರು. ಲಾಯದ ಒಡತಿಗೆ ಹೇಳಿದರೆ ಅವರು ನಕ್ಕರು. ಇಲ್ಲಿಯವರು ಸೇಬಿನ ರಸ ಹಾಕುತ್ತಾರಂತೆ. ಅದನ್ನು ಜೂನ್‌ಗೆ ಮೊದಲೇ ನನಗೆ ಯಾಕೆ ಹೇಳಲಿಲ್ಲವೋ!

ಸೆಪ್ಟೆಂಬರ್

ಇಂಡಿಯನ್ ಅಂಗಡಿಯ ಅಚ್ಚುಬೆಲ್ಲ, ಬಕೆಟ್ಟಿಗೆ ನೆಲ್ಲಿಕಾಯಿ ಗಾತ್ರದ್ದು. ಎರಡು ವಾರ ಲಾಯದಲ್ಲೇ ಕುಡಿಸಿದೆ. ಪಕ್ಕದಲ್ಲೇ ಸಪ್ಪೆ ನೀರಿನ ಬಕೆಟ್ಟೂ ಇಟ್ಟಿದ್ದೆ, ಇಷ್ಟವಾಗದಿದ್ದರೆ ಬಾಯಾರಿಕೆಯಲ್ಲಿ ಇರಬಾರದಲ್ಲ. ಮತ್ತೆ ಬ್ಲ್ಯಾಕ್‌ವೆಲ್. ಸಂಜೆ ಆರಕ್ಕೆ ಬಕೆಟ್ ಇಟ್ಟೆ. ಮೂಸಿತು. ತುಟಿಯ ತುದಿ ಅದ್ದಿ ತೆಗೆಯಿತು. ಆಮೇಲೆ ಕಿವಿಗಳು ಗುಟುಕಿಗೊಮ್ಮೆ ಹಿಂದೆ ಮುಂದೆ ಆಡತೊಡಗಿದವು. ನಾನು ಗುಟುಕು ಎಣಿಸುತ್ತ ಕೂತೆ, ನಲವತ್ತರ ಮೇಲೆ ಲೆಕ್ಕ ತಪ್ಪಿತು. ಬೆಳಗಾಗುವಷ್ಟರಲ್ಲಿ ಎರಡು ಬಕೆಟ್ ಖಾಲಿ, ಒಂಬತ್ತು ಕಡೆ ಲದ್ದಿ. ಲದ್ದಿ ಕಂಡು ಇಷ್ಟು ಖುಷಿಪಟ್ಟದ್ದು ಜೀವಮಾನದಲ್ಲಿ ಇದೇ ಮೊದಲು. ಎಲ್ಲ ಬಾಚಿ, ನೆಲ ಸಮ ಮಾಡಿ ಹೊರಟೆವು.

ಅಕ್ಟೋಬರ್

ಎರಡು ರಾತ್ರಿಯ ಪ್ರವಾಸ. ಮನ್ರೋ ಸರೋವರದ ಕಡೆ ಇಳಿಯುವ ಜಾಡು. ಸಾಲ್ಟ್ ಕ್ರೀಕ್‌ಗೆ ಅಣೆಕಟ್ಟು ಕಟ್ಟಿ 1960ರ ದಶಕದಲ್ಲಿ ಮಾಡಿದ ಕೆರೆ ಅದು. ಎಲೆ ಉದುರಿದ ಕಡೆ ಮರಗಳ ಸಂದಿಯಲ್ಲಿ ನೀರು ಹೊಳೆಯುತ್ತಿತ್ತು. ಜಾಡಿಗೆ ಅಡ್ಡ ಬಂದ ಒಂದು ತೊರೆಯಲ್ಲಿ ಮೆಣಸಿ ತಾನಾಗಿಯೇ ತಲೆ ತಗ್ಗಿಸಿ ಕುಡಿಯಿತು, ಬೆಲ್ಲವಿಲ್ಲದೆ! ನಾನು ಲಗಾಮು ಸಡಿಲಬಿಟ್ಟು ಮೊಬೈಲ್ ತೆಗೆದೆ. ಅಷ್ಟರಲ್ಲಿ ಮುಂಗಾಲಿನಿಂದ ನೀರು ಕೆರೆಯತೊಡಗಿತು. ಕೆರೆದರೆ ಮಲಗುತ್ತದೆ ಅಂತ ಒಡತಿ ಹತ್ತು ಸಲ ಹೇಳಿದ್ದರು. ಮಲಗಿತು. ನಾನು ಹಾರಿ ಪಾರಾದೆ. ಜೀನು, ಕಂಬಳಿ, ಚೀಲದಲ್ಲಿದ್ದ ಚಪಾತಿ ಯಾವುದೂ ಪಾರಾಗಲಿಲ್ಲ.

ಜೀನು ಈಗ ಗ್ಯಾರೇಜಿನಲ್ಲಿ ನೆರಳಲ್ಲಿ ಒಣಗುತ್ತಿದೆ. ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ. ಪೂರ್ತಿ ಒಣಗಿದ ಮೇಲೆ ಎಣ್ಣೆ ಎರಡು ಸಲ. ಹೊಟ್ಟೆಪಟ್ಟಿಯ ಹೊಲಿಗೆ ಒಂದು ಕಡೆ ಬಿಟ್ಟಿದೆ, ಅದನ್ನು ಚಳಿಗಾಲದಲ್ಲಿ ಹೊಲಿಸಬೇಕು.