ಅರ್ಧ ಬಕೆಟ್ ನೀರು, ಎಂಟು ಬಟ್ಟೆ

ಕಾರಿನ ಮೇಲೆ ಕೂತ ಧೂಳಿನಲ್ಲಿ ಮೆತ್ತನೆ ಮಣ್ಣಷ್ಟೇ ಅಲ್ಲ, ನುಣ್ಣನೆಯ ಮರಳೂ ಇರುತ್ತದೆ. ಮರಳೆಂದರೆ ಬಹುಪಾಲು ಕ್ವಾರ್ಟ್ಜ್ ಎಂಬ ಗಟ್ಟಿ ಖನಿಜ. ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಅದಕ್ಕೆ 7. ಬಣ್ಣವನ್ನು ಕಾಯುವ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಅದರ ಮುಂದೆ ತೀರಾ ಮೆದು. ದಪ್ಪವೂ ಸುಮಾರು 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಅಷ್ಟೇ. ದಿನಾ ಬೆಳಿಗ್ಗೆ ಒಣ ಬಟ್ಟೆಯಲ್ಲಿ ಒರೆಸಿಸಿಕೊಳ್ಳುವ ಕಾರಿನ ಬಾನೆಟ್ಟಿನ ಮೇಲೆ ಬಿಸಿಲಿನಲ್ಲಿ ಜೇಡರ ಬಲೆಯಂಥ ಗೀರುಗಳು ಕಾಣುವುದು ಇದರಿಂದಲೇ. ನೀರು ಉಳಿಸಬೇಕೆಂದು ಒಣಗಿದ ಮೈಯನ್ನು ಉಜ್ಜಿದರೆ ಮರಳುಕಾಗದ ಹಿಡಿದು ತಿಕ್ಕಿದ ಹಾಗೆ. ಮರಳಿಗೂ ಬಣ್ಣಕ್ಕೂ ನಡುವೆ ಜಾರುವಂಥ ಒಂದು ದ್ರವ ಬೇಕೇ ಬೇಕು. ಅದನ್ನು ಒದಗಿಸಲು ಎಷ್ಟು ನೀರು ಸಾಕು ಅನ್ನುವುದಷ್ಟೇ ಲೆಕ್ಕ.

ಪೈಪು ಹಿಡಿದರೆ ನಿಮಿಷಕ್ಕೆ 10–15 ಲೀಟರ್ ಹೋಗುತ್ತದೆ. ಹತ್ತು ನಿಮಿಷದಲ್ಲಿ 100 ಲೀಟರ್ ದಾಟುತ್ತದೆ. ಬಕೆಟ್ಟಿನ ದ್ರವದಲ್ಲಿ ನೆನೆಸಿದ ಬಟ್ಟೆಗಳಿಂದ ಒರೆಸುವ ವಿಧಾನವನ್ನು ಇಲ್ಲಿ ಹೇಳುತ್ತಿದ್ದೇನೆ, ಇದರಲ್ಲಿ ಇಡೀ ಕಾರಿಗೆ 8 ಲೀಟರ್ ಸಾಕು. ಬೈಕಿಗೆ ಒಂದೂವರೆ ಲೀಟರ್ ಹೆಚ್ಚೇ.

ಅಂಗಡಿಯಲ್ಲಿ ಎರಡು ಬಗೆಯ ದ್ರವ ಸಿಗುತ್ತವೆ. ಒಂದು ವಾಟರ್‌ಲೆಸ್ ಸ್ಪ್ರೇ: ನೇರವಾಗಿ ಸಿಂಪಡಿಸಿ ಒರೆಸುವುದು. ಒಂದೆರಡು ದಿನದ ತೆಳು ಧೂಳಿಗೆ, ಬೆರಳಚ್ಚಿಗೆ ಇದು ಸರಿ. ಇನ್ನೊಂದು ರಿನ್ಸ್‌ಲೆಸ್ ಶಾಂಪೂ: ಬಕೆಟ್ ನೀರಿಗೆ ಬೆರೆಸಿ ಒರೆಸುವುದು, ಮತ್ತೆ ತೊಳೆಯಬೇಕಿಲ್ಲ. ವಾರದ ಧೂಳಿಗೆ ನಾನು ಸೂಚಿಸುವುದು ಇದನ್ನೇ. ಇದರಲ್ಲಿ ಹಲವು 1:256 ಪ್ರಮಾಣದವು, ಅಂದರೆ ಏಳೂವರೆ ಲೀಟರಿಗೆ 30 ಮಿ.ಲೀ. ನಿಮ್ಮ ಬಾಟಲಿಯ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದನ್ನೇ ಪಾಲಿಸಿ. ‘ಇನ್ನೊಂದಿಷ್ಟು ಇರಲಿ’ ಎಂದು ಹೆಚ್ಚು ಸುರಿದರೆ ಕೊಳೆ ಜಾಸ್ತಿ ಹೋಗುವುದಿಲ್ಲ, ಮೈಮೇಲೆ ಜಿಗುಟು ಪದರ ಉಳಿದು ಗೆರೆ ಬೀಳುತ್ತದೆ. ಮಾಮೂಲಿ ಕಾರ್ ಶಾಂಪೂ, ಪಾತ್ರೆ ತೊಳೆಯುವ ದ್ರವ ಇಲ್ಲಿ ನಡೆಯುವುದಿಲ್ಲ. ಅವುಗಳ ನೊರೆಯನ್ನು ಧಾರಾಳ ನೀರಿನಲ್ಲಿ ತೊಳೆದೇ ತೆಗೆಯಬೇಕು. ಪಾತ್ರೆಯ ದ್ರವವಂತೂ ಹಚ್ಚಿದ ವ್ಯಾಕ್ಸನ್ನೂ ಕಿತ್ತುಕೊಂಡು ಹೋಗುತ್ತದೆ.

ದ್ರವಕ್ಕಿಂತ ಬಟ್ಟೆ ಮುಖ್ಯ. 350 ಜಿಎಸ್‌ಎಂ (ಚದರ ಮೀಟರಿಗೆ 350 ಗ್ರಾಂ ತೂಕ) ಆಸುಪಾಸಿನ, ಉದ್ದ ಎಳೆಯ ಮೈಕ್ರೋಫೈಬರ್ ಬಟ್ಟೆ ಎಂಟು ಇರಲಿ. ಒಣಗಿಸಲು ದಪ್ಪದ್ದು ಎರಡು ಬೇರೆ. ಹೊಸ ಬಟ್ಟೆಯ ಲೇಬಲ್ ಕತ್ತರಿಸಿ ತೆಗೆಯಿರಿ, ಅದರ ಗಡಸು ಅಂಚು ಕಪ್ಪು ಬಣ್ಣದ ಕಾರಿನಲ್ಲಿ ಗೀರು ಬಿಡುತ್ತದೆ. ಹಳೇ ಬನಿಯನ್ನು, ಹತ್ತಿಯ ಟವೆಲು ಬೇಡ. ಮೈಕ್ರೋಫೈಬರಿನ ಉದ್ದ ಎಳೆಗಳ ನಡುವೆ ಮರಳು ಹುದುಗಿಕೊಳ್ಳುತ್ತದೆ. ಸಪಾಟು ನೇಯ್ಗೆಯ ಹತ್ತಿಬಟ್ಟೆಯಲ್ಲಿ ಅದಕ್ಕೆ ಜಾಗವಿಲ್ಲ, ಬಟ್ಟೆಗೂ ಬಣ್ಣಕ್ಕೂ ನಡುವೆಯೇ ಉರುಳುತ್ತದೆ.

ಗಾಡಿ ನೆರಳಿನಲ್ಲಿರಲಿ. ಬಾನೆಟ್ ಮೇಲೆ ಅಂಗೈ ಇಟ್ಟಾಗ ಬಿಸಿ ಅನ್ನಿಸಿದರೆ ಕಾಯಿರಿ, ಇಲ್ಲದಿದ್ದರೆ ಒರೆಸುವ ಮೊದಲೇ ದ್ರವ ಆರಿ ಕಲೆ ಕಟ್ಟುತ್ತದೆ.

ಬಕೆಟ್ಟಿನ ದ್ರವದಲ್ಲೇ ಒಂದು ಲೀಟರನ್ನು ಪಂಪ್ ಸ್ಪ್ರೇಯರಿಗೆ ತುಂಬಿಕೊಳ್ಳಿ. ಆರು ಬಟ್ಟೆಗಳನ್ನು ಬಕೆಟ್ಟಿನಲ್ಲಿ ನೆನೆಸಿಡಿ, ಉಳಿದೆರಡು ಚಕ್ರಕ್ಕೆ. ಮೊದಲು ಒಂದು ಭಾಗಕ್ಕೆ, ಉದಾಹರಣೆಗೆ ಅರ್ಧ ಛಾವಣಿಗೆ, ತೊಟ್ಟಿಕ್ಕುವಷ್ಟು ಸಿಂಪಡಿಸಿ ಒಂದು ನಿಮಿಷ ಬಿಡಿ. ಅವಸರದಲ್ಲಿ ಎಲ್ಲರೂ ಹಾರಿಸುವ ಹಂತ ಇದು, ಗೀರುಗಳು ಹುಟ್ಟುವುದೂ ಇಲ್ಲೇ. ಆಮೇಲೆ ಬಟ್ಟೆಯನ್ನು ಪೂರ್ತಿ ಹಿಂಡದೆ, ನೀರು ಸೋರದಷ್ಟು ಮಾತ್ರ ಹಿಂಡಿ ನಾಲ್ಕು ಮಡಿಕೆ ಮಾಡಿ. ಈಗ ನಿಮ್ಮ ಕೈಯಲ್ಲಿ ಎಂಟು ಮುಖಗಳಿವೆ. ಒತ್ತಬೇಡಿ, ಬಟ್ಟೆಯ ತೂಕವೇ ಸಾಕು. ಒಂದೇ ದಿಕ್ಕಿನಲ್ಲಿ ನೇರವಾಗಿ ಎಳೆದು, ಕೊನೆಯಲ್ಲಿ ಎತ್ತಿ. ಹಿಂದೆ ಮುಂದೆ ಇಲ್ಲ, ಸುತ್ತು ಸುತ್ತು ಇಲ್ಲ. ಒಂದೆರಡು ಎಳೆತಕ್ಕೆ ಮುಖ ತಿರುಗಿಸಿ. ಎಂಟೂ ಕೊಳೆಯಾದ ಬಟ್ಟೆ ಪಕ್ಕಕ್ಕೆ ಹೋಗಬೇಕು. ಯಾವ ಕಾರಣಕ್ಕೂ ಮತ್ತೆ ಬಕೆಟ್ಟಿಗೆ ಅದ್ದಬಾರದು, ಅದ್ದಿದರೆ ಮರಳೆಲ್ಲ ಉಳಿದ ಬಟ್ಟೆಗಳಿಗೆ ಹಂಚಿಹೋಗುತ್ತದೆ. ಆ ಭಾಗ ಆರುವ ಮೊದಲೇ ದಪ್ಪ ಬಟ್ಟೆಯಿಂದ ಒಣಗಿಸಿ ಮುಂದಿನ ಭಾಗಕ್ಕೆ ಹೋಗಿ.

ಮೇಲಿನಿಂದ ಕೆಳಕ್ಕೆ ಬನ್ನಿ: ಛಾವಣಿ, ಗಾಜು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲರ್ಧ. ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ, ಏಕೆಂದರೆ ಚಕ್ರ ಚಿಮ್ಮಿಸುವ ದಪ್ಪ ಮರಳು ಕೂತಿರುವುದು ಅಲ್ಲಿ. ಚಕ್ರಕ್ಕೆ ತೆಗೆದಿಟ್ಟ ಬಟ್ಟೆಗಳನ್ನು ಮೈಗೆ ಎಂದೂ ತಾಗಿಸಬೇಡಿ. ಬ್ರೇಕಿನಿಂದ ಉದುರುವ ಪುಡಿಯಲ್ಲಿ ಕಬ್ಬಿಣದ ಚೂರುಗಳಿರುತ್ತವೆ, ಒಗೆದರೂ ಪೂರ್ತಿ ಹೋಗುವುದಿಲ್ಲ. ವೈಪರನ್ನು ಎತ್ತಿ ಅದರ ರಬ್ಬರಿನ ಅಂಚನ್ನೂ ಒಮ್ಮೆ ಒರೆಸಿ. ಎಷ್ಟೋ ಸಲ ಗಾಜಿನ ಮೇಲಿನ ಗೆರೆಗೆ ಆ ಅಂಚಿನ ಕೊಳೆಯೇ ಕಾರಣ.

ಹಕ್ಕಿ ಹಿಕ್ಕೆ ಒಣಗಿದ್ದರೆ ಉಗುರು ಹಾಕಬೇಡಿ. ಟಿಶ್ಯೂ ಕಾಗದವನ್ನು ಅದೇ ದ್ರವದಲ್ಲಿ ನೆನೆಸಿ ಅದರ ಮೇಲೆ ಐದರಿಂದ ಹತ್ತು ನಿಮಿಷ ಹೊದಿಸಿ, ಆಮೇಲೆ ಚಿವುಟಿ ಎತ್ತಿದಂತೆ ತೆಗೆಯಿರಿ. ಹಿಕ್ಕೆ ಬಿಸಿಲಿನಲ್ಲಿ ಕ್ಲಿಯರ್ ಕೋಟನ್ನು ಕೆಡಿಸುತ್ತದೆ, ಹಾಗಾಗಿ ಇದೊಂದು ಕೆಲಸ ವಾರದ ಕೊನೆಗೆ ಕಾಯುವಂಥದ್ದಲ್ಲ. ಗಡಸು ನೀರಿನ ಬಿಳಿ ಕಲೆಗಳಿಗೆ ಬಿಳಿ ವಿನಿಗರ್ ಮತ್ತು ನೀರು ಸಮಪಾಲು ಬೆರೆಸಿ ಅರ್ಧ ನಿಮಿಷ ತಾಗಿಸಿ, ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿಬಿಡಿ.

ಬೈಕಿನಲ್ಲಿ ಎಂಜಿನ್, ಸೈಲೆನ್ಸರ್ ಪೂರ್ತಿ ತಣ್ಣಗಾಗಿರಬೇಕು. ಟ್ಯಾಂಕು, ಹೆಡ್‌ಲೈಟು, ಮಡ್‌ಗಾರ್ಡು ಮೇಲಿನ ಕ್ರಮದಲ್ಲೇ. ಹೊಳಪು ಕೊಡುವ ಸ್ಪ್ರೇ ಬ್ರೇಕ್ ಡಿಸ್ಕಿನ ಮೇಲಾಗಲಿ ಟಯರಿನ ಮೇಲಾಗಲಿ ಬೀಳಕೂಡದು. ಬ್ರೇಕ್ ಹಿಡಿಯುವುದಿಲ್ಲ, ತಿರುವಿನಲ್ಲಿ ಗಾಡಿ ಜಾರುತ್ತದೆ. ಸೀಟಿಗೂ ಬೇಡ. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಗಾಡಿಗೆ ವ್ಯಾಕ್ಸ್ ಇರುವ ದ್ರವ ಬಳಸಿದರೆ ಅಲ್ಲಲ್ಲಿ ಹೊಳೆಯುವ ತೇಪೆ ಉಳಿಯುತ್ತದೆ.

ಕೆಸರು ಗಟ್ಟಿಯಾಗಿ ಮೆತ್ತಿಕೊಂಡಿದ್ದರೆ ಈ ವಿಧಾನವನ್ನು ಕೈಬಿಡಿ. ಬೆರಳ ತುದಿಗೆ ಹರಳು ಹರಳಾಗಿ ಸಿಗುವ ಕೊಳೆಯನ್ನು ಎತ್ತುವ ಶಕ್ತಿ ಯಾವ ಬಟ್ಟೆಗೂ ಇಲ್ಲ. ಅಂಥ ದಿನ ಕೆಳಭಾಗಕ್ಕಷ್ಟೇ ನಾಲ್ಕೈದು ಮಗ್ ನೀರು ಮೇಲಿನಿಂದ ಸುರಿದು ಕೆಸರನ್ನು ಇಳಿಸಿಕೊಂಡು, ಉಳಿದದ್ದನ್ನು ಬಕೆಟ್ಟಿನಿಂದ ಮುಂದುವರಿಸಬಹುದು.

ಕೆಲಸ ಮುಗಿದ ಮೇಲೆ ಬಕೆಟ್ಟಿನಲ್ಲಿ ಉಳಿದ ದ್ರವಕ್ಕೇ ಚಕ್ರದ ಬಟ್ಟೆ ಬಿಟ್ಟು ಮಿಕ್ಕವನ್ನು ಹಾಕಿ ಅಲುಗಿಸಿ ಹಿಂಡಿ. ದೊಡ್ಡ ಕೊಳೆ ಅಲ್ಲೇ ಇಳಿಯುತ್ತದೆ. ಆಮೇಲೆ ದ್ರವ ಡಿಟರ್ಜೆಂಟಿನಲ್ಲಿ ಬೇರೆಯಾಗಿಯೇ ಒಗೆಯಿರಿ. ಹತ್ತಿಬಟ್ಟೆಯ ಜೊತೆ ಹಾಕಿದರೆ ಜುಂಗು ಹಿಡಿಯುತ್ತದೆ, ಫ್ಯಾಬ್ರಿಕ್ ಸಾಫ್ಟ್‌ನರ್ ಎಳೆಗಳನ್ನು ಮುಚ್ಚಿಬಿಡುತ್ತದೆ, ಕುದಿಯುವ ನೀರಿನಲ್ಲಿ ಎಳೆಗಳು ಹಾಳಾಗುತ್ತವೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸಬೇಡಿ, ಅದು ಅಲ್ಲಿಂದಲೇ ಚಕ್ರದ ಬಟ್ಟೆಗಳ ಗುಂಪಿಗೆ ಸೇರಲಿ.