ಬುದ್ಧಿ ಹಲ್ಲು ತೆಗೆಸಿದ ಮೇಲೆ ಯಾವ ಮಾತ್ರೆ?

ಬುದ್ಧಿ ಹಲ್ಲು ತೆಗೆಸ್ಲಿಕ್ಕೆ ಹೊರಟವರೆಲ್ಲ ಕೇಳುದು ಒಂದೇ ಮಾರ್ರೆ, ಯಾವ ಮಾತ್ರೆ ಸ್ಟ್ರಾಂಗ್ ಅಂತ. ನನ್ನದು ಕೆಳಗೆ ಅಡ್ಡ ಮಲಗಿದ್ದ ಹಲ್ಲು, ಒಸಡು ಕೊಯ್ದು ಎಲುಬು ಸ್ವಲ್ಪ ಕೊರೆದು ತೆಗೆದದ್ದು, ಅದರ ಅನುಭವದಲ್ಲಿ ಹೇಳ್ತೇನೆ, ಸ್ಟ್ರಾಂಗಿಗಿಂತ ಟೈಮ್ ಮುಖ್ಯ. ಮರಗಟ್ಟಿಸಿದ ಇಂಜೆಕ್ಷನ್ ಕೆಲವು ಗಂಟೆಯಲ್ಲಿ ಇಳೀತದೆ, ಅದಕ್ಕೆ ಮೊದಲೇ ತಣಿದ ಕುಚ್ಚಲಕ್ಕಿ ಗಂಜಿ ನಾಲ್ಕು ಚಮಚ ಆದ್ರೂ ಹೊಟ್ಟೆಗೆ ಹಾಕಿ ಮೊದಲ ಮಾತ್ರೆ ನುಂಗಿ, ನೋವು ಏರಿ ಕೂತ ಮೇಲೆ ಇಳಿಸುದು ಭಾರೀ ಕಷ್ಟ.

ಬರೀ ಡೋಲೋ 650 ನಂಗೆ ಸಾಕಾಗ್ಲಿಲ್ಲ. ಪ್ಯಾರಸಿಟಮಾಲ್ ನೋವು ಕಮ್ಮಿ ಮಾಡ್ತದೆ, ಆದ್ರೆ ಬಾವು ಇಳೀಲಿಕ್ಕೆ ಅದ್ರಿಂದ ಹೆಚ್ಚೇನೂ ಆಗುದಿಲ್ಲ. ಐಬುಪ್ರೊಫೆನ್ ಬಾವು ಇದ್ದ ಜಾಗದಲ್ಲೇ ಕೆಲಸ ಮಾಡ್ತದೆ, ಹಾಗಾಗಿ ಎರಡೂ ಒಟ್ಟಿಗೆ ಇದ್ರೆ ಪರಿಣಾಮ ಜಾಸ್ತಿ. ಕಾಂಬಿಫ್ಲಾಮಲ್ಲಿ ಇರುದು ಅದೇ, 400 ಎಂಜಿ ಐಬುಪ್ರೊಫೆನ್, 325 ಪ್ಯಾರಸಿಟಮಾಲ್. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಕೊಟ್ಟ ಗೈಡ್‌ಲೈನಲ್ಲೂ ಟ್ರಮಡಾಲಿನಂಥ ಅಫೀಮು ಜಾತಿಯ ಮಾತ್ರೆಗಿಂತ ಮೊದಲು ಇಂಥದ್ದನ್ನೇ ಕೊಡಿ ಅಂತ ಉಂಟು. ನಮ್ಮ ಮಂಗಳೂರಲ್ಲಿ ಅಸೆಕ್ಲೋಫೆನಾಕ್-ಪ್ಯಾರಸಿಟಮಾಲ್ ಬರೆದು ಕೊಡುವವರೂ ತುಂಬ, ಅದು ದಿನಕ್ಕೆ ಎರಡೇ ಸಲ ಆದ್ದರಿಂದ ಆಫೀಸಿಗೆ ಹೋಗುವವರಿಗೆ ಸುಲಭ. ಬಾಯಿ ಸರಿ ತೆರೀಲಿಕ್ಕೆ ಆಗದಿದ್ರೆ ಕೆಟೋರೋಲ್ ಡಿಟಿ ನೀರಲ್ಲಿ ಕರಗಿಸಿ ಕುಡೀಬಹುದು, ಪವರ್‌ಫುಲ್, ಆದ್ರೆ 5 ದಿನಕ್ಕಿಂತ ಜಾಸ್ತಿ ಬೇಡ್ವೇ ಬೇಡ, ಡಾಕ್ಟರ್ ಬರೆದ್ರೆ ಮಾತ್ರ.

ದಯವಿಟ್ಟು ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಕೆಟೋರೋಲ್ ಒಂದರ ಮೇಲೊಂದು ತಗೊಳ್ಬೇಡಿ, ಮೂರೂ ಒಂದೇ ಜಾತಿ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಕಾಂಬಿಫ್ಲಾಮ್ ಜೊತೆ ಡೋಲೋ ನುಂಗುವವರು ಪ್ಯಾರಸಿಟಮಾಲ್ ಲೆಕ್ಕ ಇಟ್ಕೊಳ್ಳಿ, ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರ್ದು. ಅಲ್ಸರ್, ಅಸ್ತಮಾ, ಕಿಡ್ನಿ ತೊಂದರೆ ಇದ್ರೆ, ಬಸುರಿ ಆಗಿದ್ರೆ ಮೊದಲೇ ಡೆಂಟಿಸ್ಟಿಗೆ ಹೇಳಿ. ಇನ್ನೊಂದು, ಮಳೆಗಾಲದಲ್ಲಿ ನಮ್ಮೂರಲ್ಲಿ ಡೆಂಗ್ಯೂ ಇದ್ದದ್ದೇ, ಜ್ವರ ಬಂದ್ರೆ ಹಲ್ಲಿಂದೇ ಇರ್ಬೇಕು ಅಂದ್ಕೊಂಡು ಈ ಬಾವಿನ ಮಾತ್ರೆ ಮುಂದುವರಿಸ್ಬೇಡಿ, ರಕ್ತಸ್ರಾವ ಆಗುವ ಅಪಾಯ ಉಂಟು, ಟೆಸ್ಟ್ ಆಗುವವರೆಗೆ ಪ್ಯಾರಸಿಟಮಾಲ್ ಮಾತ್ರ.

ನೋವು ಕಮ್ಮಿ ಆಗ್ತಾ ಬಂದು ಮೂರನೇ ದಿನದ ಹೊತ್ತಿಗೆ ಕಿವಿವರೆಗೆ ಎಳೀಲಿಕ್ಕೆ ಶುರುವಾದ್ರೆ ಅದು ಡ್ರೈ ಸಾಕೆಟ್ ಇರ್ಬಹುದು, ರಕ್ತದ ಹೆಪ್ಪು ಕಿತ್ತು ಹೋಗಿ ಎಲುಬು ತೆರೆದುಕೊಳ್ಳುದು (ಅದಕ್ಕೇ ಬೊಂಡದ ನೀರು ಸಹ ಸ್ಟ್ರಾ ಹಾಕಿ ಕುಡೀಬಾರ್ದು ಹೇಳುದು, ಸಿಗರೇಟಂತೂ ಬೇಡ್ವೇ ಬೇಡ). ಆಗ ಮೆಡಿಕಲ್‌ಗೆ ಹೋಗಿ ಇನ್ನೊಂದು ಸ್ಟ್ರಿಪ್ ತಂದು ಪ್ರಯೋಜನ ಇಲ್ಲ, ಡೆಂಟಿಸ್ಟ್ ಆ ಗುಂಡಿ ತೊಳೆದು ಮದ್ದು ಇಟ್ರೆ ಅವತ್ತೇ ತುಂಬ ಹಗುರ ಆಗ್ತದೆ, ಕಾಯದೆ ಅವತ್ತೇ ಹೋಗಿ.